ಲ್ಯಾಬ್ ಸಾಫ್ಟ್‌ವೇರ್‌ನಲ್ಲಿ ಯಾರೂ ತೆರೆಯದ ಒಂದು ಟೇಬಲ್

(ಪರೀಕ್ಷಾ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತನ್ನು ನನಗೆ ಕೊಟ್ಟಿದ್ದಾರೆ. ವಿಷಯವೂ ನಿದ್ದೆಗೆ ಹೇಳಿ ಮಾಡಿಸಿದಂಥದ್ದೇ. ನಿಮ್ಮ ಲ್ಯಾಬ್ ಸಾಫ್ಟ್‌ವೇರ್‌ನಲ್ಲಿ ಸೆಟ್ಟಿಂಗ್ಸ್ ಅಂತ ಒಂದು ಮೆನು ಇರುತ್ತದೆ. ಅದರೊಳಗೆ ಮಾಸ್ಟರ್‌ಗಳ, ಅಂದರೆ ಸಾಫ್ಟ್‌ವೇರ್ ಉಳಿದ ಕಡೆಯೆಲ್ಲ ನೋಡಿ ಬಳಸುವ ಮೂಲ ಟೇಬಲ್‌ಗಳ, ಪಟ್ಟಿ. ಕಸ್ಟಮರ್ ಮಾಸ್ಟರ್, ಸ್ಯಾಂಪಲ್ ಮಾಸ್ಟರ್, ಟೆಸ್ಟ್ ಮೆಥಡ್ ಮಾಸ್ಟರ್. ಎಲ್ಲ ಮುಗಿದ ಮೇಲೆ, ಕೊನೆಯಲ್ಲಿ ಎಲ್ಲೋ, ಅಟ್ಯಾಚ್‌ಮೆಂಟ್ ಫೈಲ್ ಟೈಪ್ ಮಾಸ್ಟರ್. ಯಾವ ಯಾವ ಬಗೆಯ ಫೈಲನ್ನು ಲಗತ್ತಾಗಿ ಹಾಕಬಹುದು ಅಂತ ಹೇಳುವ ಟೇಬಲ್ ಅದು. ಇನ್‌ಸ್ಟಾಲ್ ಮಾಡಿದ ದಿನ ವೆಂಡರ್ ಕಡೆಯ ಹುಡುಗ ಅದನ್ನು ತುಂಬಿ ಹೋಗಿರುತ್ತಾನೆ. ಆಮೇಲೆ ಅದನ್ನು ಯಾರೂ ತೆರೆಯುವುದಿಲ್ಲ. "ಸರ್, ಫೈಲ್ ಹೋಗ್ತಿಲ್ಲ" ಅಂತ ಫೋನ್ ಬರುವವರೆಗೆ.

ಟೇಬಲ್ ಏನೂ ದೊಡ್ಡದಲ್ಲ. ಒಂದು ಸಾಲಿಗೆ ಒಂದು ಫೈಲ್ ಬಗೆ. ಫೈಲ್ ಹೆಸರಿನ ಕೊನೆಯ ಬಾಲ ಒಂದು ಕಾಲಂ: ಡಾಟ್ ಪಿಡಿಎಫ್, ಡಾಟ್ ಜೆಪಿಜಿ, ಹೀಗೆ. ಅದರ ವಿವರ ಒಂದು ಕಾಲಂ. ಮೈಮ್ ಟೈಪ್, ಅಂದರೆ ಫೈಲ್ ಯಾವ ಬಗೆಯದು ಅಂತ ಬ್ರೌಸರ್ ಹೇಳುವ ಹೆಸರು, ಒಂದು. ಯಾವ ಪ್ರೋಗ್ರಾಂನಲ್ಲಿ ತೆರೆಯಬೇಕು, ಎಷ್ಟು ಎಂಬಿವರೆಗೆ ಬಿಡಬಹುದು, ಈಗ ಚಾಲ್ತಿಯಲ್ಲಿದೆಯಾ ಇಲ್ಲವಾ. ಇಷ್ಟೇ. ಇದರಲ್ಲಿ ಮಾತಾಡಲು ಏನಿದೆ ಅಂತ ನಾನೂ ಅಂದುಕೊಂಡಿದ್ದೆ. ಒಂದು ದಿನ ಕೈ ಸುಟ್ಟುಕೊಂಡ ಮೇಲೆ ಗೊತ್ತಾಯಿತು.

ಆ ಕಥೆಯಿಂದಲೇ ಶುರು ಮಾಡುತ್ತೇನೆ. ನೀರು ಮತ್ತು ಆಹಾರದ ಪರೀಕ್ಷೆ ಮಾಡುವ ಒಂದು ಲ್ಯಾಬ್. ಹೆಸರು ಬೇಡ. ನಾನು ಅಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದೆ. ಆಡಿಟ್ ಹತ್ತಿರ ಬಂದಿತ್ತು. ಆಡಿಟ್ ಬಂದರೆ ನಮಗೆಲ್ಲ ಹಬ್ಬಕ್ಕೆ ಮನೆ ಸಾರಿಸುವ ಹುಮ್ಮಸ್ಸು ಬರುತ್ತದಲ್ವಾ, ನನಗೂ ಬಂತು. ಮಾಸ್ಟರ್‌ಗಳನ್ನೆಲ್ಲ ಸ್ವಚ್ಛ ಮಾಡುತ್ತಾ ಈ ಟೇಬಲ್‌ಗೆ ಬಂದೆ. ನೋಡಿದರೆ ಎಕ್ಸೆಲ್‌ನ ಡಾಟ್ ಎಕ್ಸ್‌ಎಲ್‌ಎಸ್ ಎರಡು ಸಲ ಇದೆ. ಒಂದು ಸಣ್ಣ ಅಕ್ಷರದಲ್ಲಿ, ಇನ್ನೊಂದು ದೊಡ್ಡ ಅಕ್ಷರದಲ್ಲಿ. ಯಾರೋ ಕ್ಯಾಪ್ಸ್ ಲಾಕ್ ಹಾಕಿಕೊಂಡು ಸೇರಿಸಿದ್ದಾರೆ. ಸುಮ್ನೆ ಎರಡು ಯಾಕೆ ಅಂತ ದೊಡ್ಡ ಅಕ್ಷರದ ಸಾಲನ್ನು ಅಳಿಸಿದೆ. ಸಾಫ್ಟ್‌ವೇರ್ "ಖಚಿತವೇ?" ಅಂತ ಕೇಳಿತು. ಖಚಿತ ಅಂದೆ.

ಮೂರು ವಾರ ಏನೂ ಆಗಲಿಲ್ಲ. ಆಮೇಲೆ ಒಬ್ಬ ಗ್ರಾಹಕರು ಹಳೆಯ ರಿಪೋರ್ಟ್ ಒಂದರ ಬಗ್ಗೆ ತಕರಾರು ತೆಗೆದರು. ನೈಟ್ರೇಟ್ ಅಷ್ಟು ಬಂದಿದ್ದು ಹೇಗೆ, ಲೆಕ್ಕ ತೋರಿಸಿ ಅಂತ. ಸ್ಯಾಂಪಲ್ ನಂಬರ್ ಹಾಕಿ ತೆರೆದೆವು. ರಿಪೋರ್ಟ್ ಇದೆ, ಸಹಿ ಇದೆ, ಕೆಳಗೆ "ಲಗತ್ತುಗಳು: 0". ಲೆಕ್ಕದ ಶೀಟ್ ಹಾಕಿದ್ದ ಹುಡುಗಿ ಪಕ್ಕದಲ್ಲೇ ನಿಂತಿದ್ದಳು. "ನಾನೇ ಕೈಯಾರೆ ಹಾಕಿದ್ದೆ ಸರ್" ಅಂದಳು. ಅವಳು ಹೇಳಿದ್ದು ನಿಜ.

ಆಗಿದ್ದೇನು ಅಂದರೆ, ಲಗತ್ತುಗಳ ಟೇಬಲ್ ಬೇರೆ, ಫೈಲ್ ಬಗೆಗಳ ಟೇಬಲ್ ಬೇರೆ. ಪ್ರತಿ ಲಗತ್ತಿನ ಸಾಲಿನಲ್ಲೂ ಒಂದು ನಂಬರ್ ಇರುತ್ತದೆ, ನಾನು ಇಂಥ ಬಗೆಯ ಫೈಲ್ ಅಂತ. ಸ್ಕ್ರೀನ್ ಮೇಲೆ ಪಟ್ಟಿ ತೋರಿಸುವಾಗ ಸಾಫ್ಟ್‌ವೇರ್ ಎರಡೂ ಟೇಬಲ್‌ಗಳನ್ನು ಜೋಡಿಸುತ್ತದೆ. ಇಲ್ಲಿ ಬಳಸಿದ್ದು ಇನ್ನರ್ ಜಾಯಿನ್. ಅಂದರೆ ಎರಡೂ ಕಡೆ ಜೋಡಿ ಸಿಕ್ಕಿದರೆ ಮಾತ್ರ ಸಾಲು ಕಾಣುತ್ತದೆ. ನಾನು ಒಂದು ಕಡೆಯ ಜೋಡಿಯನ್ನು ಅಳಿಸಿದ್ದೆ. ಫೈಲ್‌ಗಳು ಡಿಸ್ಕ್ ಮೇಲೆ ಇದ್ದಲ್ಲೇ ಇದ್ದವು, ಒಂದು ಬೈಟ್ ಕೂಡ ಹೋಗಿರಲಿಲ್ಲ. ಆದರೆ ದೊಡ್ಡ ಅಕ್ಷರದ ಆ ಸಾಲಿಗೆ ಅಂಟಿಕೊಂಡಿದ್ದ ಲಗತ್ತುಗಳೆಲ್ಲ ಕಣ್ಣಿಂದ ಮರೆಯಾಗಿದ್ದವು.

ಗಾಬರಿಯಲ್ಲಿ ನಾನು ಮಾಡಿದ ಎರಡನೇ ತಪ್ಪು ಕೇಳಿ. ಸ್ಕ್ರೀನ್‌ಗೆ ಹೋಗಿ ಅದೇ ಸಾಲನ್ನು ಮತ್ತೆ ಸೇರಿಸಿದೆ. ಏನೂ ವಾಪಸ್ ಬರಲಿಲ್ಲ. ಯಾಕೆ? ಹೊಸ ಸಾಲಿಗೆ ಡೇಟಾಬೇಸ್ ಹೊಸ ನಂಬರ್ ಕೊಟ್ಟಿತು. ಹಳೆಯ ಲಗತ್ತುಗಳು ಹಳೆಯ ನಂಬರನ್ನೇ ಹುಡುಕುತ್ತಿದ್ದವು. ಕೊನೆಗೆ ಬ್ಯಾಕಪ್ ತೆಗೆದು, ಹಳೆಯ ನಂಬರ್ ಯಾವುದು ಅಂತ ನೋಡಿ, ಅದೇ ನಂಬರ್ ಕೊಟ್ಟು ಸಾಲನ್ನು ನೇರವಾಗಿ ಡೇಟಾಬೇಸ್‌ನಲ್ಲಿ ಸೇರಿಸಬೇಕಾಯಿತು. ಅದು ಕೂಡಿದ ಕ್ಷಣ ಎಲ್ಲ ಫೈಲ್‌ಗಳೂ ಏನೂ ಆಗದವರಂತೆ ಬಂದು ಕೂತವು.

ಇದರಿಂದ ನಾನು ಕಲಿತದ್ದು ಒಂದೇ. ಈ ಟೇಬಲ್‌ನಲ್ಲಿ ಸಾಲು ಅಳಿಸಬಾರದು, ರಿಟೈರ್ ಮಾಡಬೇಕು. "ಚಾಲ್ತಿಯಲ್ಲಿದೆ" ಅನ್ನುವ ಟಿಕ್ ತೆಗೆದರೆ ಹೊಸ ಫೈಲ್ ಆ ಬಗೆಯಲ್ಲಿ ಬರುವುದಿಲ್ಲ, ಹಳೆಯವು ಕಾಣುತ್ತಲೇ ಇರುತ್ತವೆ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಆ ಟಿಕ್ ಇಲ್ಲದಿದ್ದರೆ ವೆಂಡರ್‌ಗೆ ಕೇಳಿ ಹಾಕಿಸಿಕೊಳ್ಳಿ. ಹಾಗೆಯೇ ಎರಡು ಟೇಬಲ್‌ಗಳ ನಡುವೆ ಫಾರಿನ್ ಕೀ, ಅಂದರೆ ಒಂದರ ಸಾಲನ್ನು ಇನ್ನೊಂದರ ಸಾಲಿಗೆ ಕಟ್ಟಿಹಾಕುವ ನಿಯಮ, ಇದೆಯಾ ಅಂತಲೂ ಕೇಳಿ. ಇದ್ದಿದ್ದರೆ ಡೇಟಾಬೇಸೇ ನನ್ನ ಕೈ ಹಿಡಿಯುತ್ತಿತ್ತು, "ಈ ಸಾಲನ್ನು ಬೇರೆಯವರು ಬಳಸುತ್ತಿದ್ದಾರೆ, ಅಳಿಸಲಾಗದು" ಅಂತ. ಆದರೆ ಅದೇ ಫಾರಿನ್ ಕೀಗೆ ಕ್ಯಾಸ್ಕೇಡ್ ಅಂತ ಹಾಕಿದ್ದರೆ ಕಥೆ ಉಲ್ಟಾ. ಒಂದು ಬಗೆ ಅಳಿಸಿದರೆ ಅದರ ಲಗತ್ತುಗಳ ದಾಖಲೆಗಳೂ ಜೊತೆಗೇ ಹೋಗುತ್ತವೆ. ಮಾಸ್ಟರ್ ಟೇಬಲ್‌ಗೆ ಕ್ಯಾಸ್ಕೇಡ್ ಹಾಕಿದವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಈಗ ಆ ಬಾಲದ ವಿಚಾರ. ಫೈಲ್ ಹೆಸರಿಗೆ ಬಾಲಂಗೋಚಿ ಕಟ್ಟುವ ಅಭ್ಯಾಸ ಹಳೆಯದು. 1974ರಲ್ಲಿ ಗ್ಯಾರಿ ಕಿಲ್ಡಾಲ್ ಬರೆದ ಸಿಪಿ/ಎಂ ಅನ್ನುವ ಆಪರೇಟಿಂಗ್ ಸಿಸ್ಟಂನಲ್ಲಿ ಹೆಸರಿಗೆ 8 ಅಕ್ಷರ, ಬಾಲಕ್ಕೆ 3 ಅಕ್ಷರ. ವಿಂಡೋಸ್‌ಗಿಂತ ಮೊದಲಿನ ಡಾಸ್ ಅದನ್ನೇ ಎತ್ತಿಕೊಂಡಿತು. ನಾಲ್ಕು ಅಕ್ಷರದ ಜೆಪೆಗ್ ಮೂರು ಅಕ್ಷರದ ಜೆಪಿಜಿ ಆಗಿದ್ದು ಹಾಗೆ. ಟಿಫ್‌ಗೆ ಒಂದು ಎಫ್, ಎರಡು ಎಫ್ ಎರಡೂ ಇರುವುದು ಹಾಗೆ. ನಿಮ್ಮ ಟೇಬಲ್‌ನಲ್ಲಿ ಒಂದನ್ನು ಹಾಕಿ ಇನ್ನೊಂದನ್ನು ಮರೆತಿದ್ದರೆ, ಮೈಕ್ರೋಸ್ಕೋಪ್‌ನ ಒಂದು ಚಿತ್ರ ಹೋಗುತ್ತದೆ, ಇನ್ನೊಂದು ಹೋಗುವುದಿಲ್ಲ. ಟೆಕ್ನಿಷಿಯನ್‌ಗೆ ಎರಡೂ ಒಂದೇ. ಅವರು ಏನು ಮಾಡುತ್ತಾರೆ? ಫೈಲಿಗೆ ಬೇರೆ ಹೆಸರಿಟ್ಟು ಹಾಕುತ್ತಾರೆ. ಅಲ್ಲಿಂದ ಶುರು ಎಲ್ಲ ತಾಪತ್ರಯ.

ಅದು ಒಂದು ಬಗೆಗೆ ಎರಡು ಬಾಲ. ಒಂದು ಬಾಲಕ್ಕೆ ಮೂರು ಬಗೆ ಇರುವುದು ಇನ್ನೂ ಮಜಾ. ಡಾಟ್ ರಾ ಅಂತ ಒಂದು ಬಾಲ ಇದೆ. ಥರ್ಮೋ ಕಂಪನಿಯ ಮಾಸ್ ಸ್ಪೆಕ್ಟ್ರೋಮೀಟರ್‌ನಿಂದ ಬಂದರೆ ಅದು ಒಂದು ಫೈಲ್. ವಾಟರ್ಸ್ ಕಂಪನಿಯ ಯಂತ್ರದಿಂದ ಬಂದರೆ ಅದು ಫೈಲೇ ಅಲ್ಲ, ಒಂದು ಫೋಲ್ಡರ್. ಕ್ಯಾಮೆರಾದವರಿಗೆ ಅದೇ ಹೆಸರು ಫೋಟೋದ ಕಚ್ಚಾ ರೂಪ. ಅಜಿಲೆಂಟ್ ಯಂತ್ರಗಳ ಡಾಟ್ ಡಿ ಕೂಡ ಫೋಲ್ಡರ್. ಬ್ರೂಕರ್ ಕಂಪನಿಯ ಎನ್‌ಎಂಆರ್ ಯಂತ್ರದಲ್ಲಿ ಡೇಟಾ ಇರುವ ಫೈಲಿನ ಹೆಸರು ಬರೀ ಎಫ್‌ಐಡಿ, ಬಾಲವೇ ಇಲ್ಲ. ಬಾಲ ನೋಡಿ ಬಗೆ ಹೇಳುವ ಟೇಬಲ್ ಅದರ ಮುಂದೆ ಏನು ಮಾಡಬೇಕು ಹೇಳಿ.

ಬಾಲ ನಂಬಿ ಕೆಟ್ಟವರ ಪಟ್ಟಿಯಂತೂ ದೊಡ್ಡದು. 2000ನೇ ಇಸವಿಯ ಮೇ ತಿಂಗಳಲ್ಲಿ ಹಬ್ಬಿದ ಐ ಲವ್ ಯೂ ವೈರಸ್ ಕೆಲವರಿಗಾದರೂ ನೆನಪಿರಬಹುದು. ಪ್ರೇಮಪತ್ರ ಅಂತ ಬಂದ ಆ ಫೈಲಿನ ಹೆಸರಿನಲ್ಲಿ ಡಾಟ್ ಟಿಎಕ್ಸ್‌ಟಿ ಇತ್ತು, ಅದರ ಹಿಂದೆ ಇನ್ನೊಂದು ಬಾಲ ಡಾಟ್ ವಿಬಿಎಸ್, ಅಂದರೆ ಒತ್ತಿದರೆ ಓಡುವ ಪ್ರೋಗ್ರಾಂ. ಗೊತ್ತಿರುವ ಬಾಲಗಳನ್ನು ವಿಂಡೋಸ್ ತಾನಾಗೇ ಮುಚ್ಚಿಡುತ್ತದೆ. ಹಾಗಾಗಿ ನೋಡಿದವರಿಗೆ ಕಂಡಿದ್ದು ಬರೀ ಪತ್ರ. ಒತ್ತಿದರು.

ಹಾಗಾದರೆ ಏನು ನೋಡಬೇಕು? ಫೈಲಿನ ಮುಖ, ಅಂದರೆ ಅದರೊಳಗಿನ ಮೊದಲ ಕೆಲವು ಬೈಟ್, ನೋಡಬೇಕು. ಪ್ರತಿ ಪಿಡಿಎಫ್‌ನ ತಲೆಯಲ್ಲಿ, ಶೇಕಡಾ ಚಿಹ್ನೆ ಮತ್ತು ಪಿಡಿಎಫ್ ಅನ್ನುವ ಮೂರು ಅಕ್ಷರ ಇರುತ್ತವೆ. ನಂಬಿಕೆ ಬರದಿದ್ದರೆ ಇವತ್ತು ಮನೆಗೆ ಹೋಗಿ ಒಂದು ಪಿಡಿಎಫ್ ಅನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ, ಮೊದಲ ಸಾಲಲ್ಲೇ ಕಾಣುತ್ತದೆ. ಜಿಪ್ ಫೈಲ್ ಶುರುವಾಗುವುದು ಪಿಕೆ ಅನ್ನುವ ಎರಡು ಅಕ್ಷರದಿಂದ. ಅದನ್ನು ಮಾಡಿದ ಫಿಲ್ ಕಾಟ್ಜ್ ಅವರ ಇನಿಶಿಯಲ್ ಅದು. ವಿಂಡೋಸ್ ಇಎಕ್ಸ್‌ಇ ಫೈಲಿನ ತಲೆಯಲ್ಲಿ ಎಂಜೆಡ್ ಇರುತ್ತದೆ, ಮಾರ್ಕ್ ಜ್ಬಿಕೋವ್ಸ್ಕಿ ಅನ್ನುವವರ ಇನಿಶಿಯಲ್. ಕೋಟ್ಯಂತರ ಕಂಪ್ಯೂಟರ್‌ಗಳಲ್ಲಿ ಇಬ್ಬರು ಎಂಜಿನಿಯರ್‌ಗಳು ಸಹಿ ಹಾಕಿ ಕೂತಿದ್ದಾರೆ! ಯೂನಿಕ್ಸ್‌ನಲ್ಲಿ ಫೈಲ್ ಅನ್ನುವ ಕಮಾಂಡ್ 1973ರಿಂದಲೂ ಇದೆ. ಬಾಲ ಏನೇ ಇರಲಿ, ಅದು ಒಳಗೆ ಇಣುಕಿ ನೋಡಿ ಹೇಳುತ್ತದೆ.

ಆದರೆ ಮುಖ ನೋಡಿದರೂ ಪೂರ್ತಿ ಗೊತ್ತಾಗುವುದಿಲ್ಲ. ಈಗಿನ ವರ್ಡ್, ಎಕ್ಸೆಲ್ ಫೈಲ್‌ಗಳೆಲ್ಲ ಒಳಗಡೆ ಜಿಪ್ ಫೈಲ್‌ಗಳೇ. ಡಾಟ್ ಡಾಕ್ಸ್ ಫೈಲಿನ ಬಾಲ ಕಿತ್ತು ಡಾಟ್ ಜಿಪ್ ಅಂತ ಹಾಕಿ ತೆರೆದರೆ ಒಳಗೆ ಫೋಲ್ಡರ್‌ಗಳು ಕಾಣುತ್ತವೆ. ಹಾಗಾಗಿ ಒಳ್ಳೆಯ ಸಾಫ್ಟ್‌ವೇರ್ ಬಾಲ, ಮುಖ, ಬ್ರೌಸರ್ ಹೇಳುವ ಬಗೆ, ಮೂರನ್ನೂ ನೋಡಬೇಕು. ಮೂರೂ ಒಂದೇ ಮಾತು ಹೇಳಿದರೆ ಒಳಗೆ ಬಿಡಬೇಕು. ಹೇಳದಿದ್ದರೆ ಒಬ್ಬ ಮನುಷ್ಯನನ್ನು ಕೇಳಬೇಕು.

ಬ್ರೌಸರ್ ಹೇಳುವ ಬಗೆ ಅಂದೆನಲ್ಲ, ಅದೇ ಮೈಮ್ ಟೈಪ್. ಇದು ಇಮೇಲ್‌ಗಾಗಿ ಹುಟ್ಟಿದ್ದು, 1992ರಲ್ಲಿ. ಮುಂದೆ ವೆಬ್ ಕೂಡ ಅದನ್ನೇ ಬಳಸಿತು. ಪಿಡಿಎಫ್‌ನ ಮೈಮ್ ಟೈಪ್ ಚಿಕ್ಕದು, 15 ಅಕ್ಷರ. ಈಗಿನ ಎಕ್ಸೆಲ್ ಫೈಲ್‌ದು ಎಷ್ಟು ಗೊತ್ತಾ? 65 ಅಕ್ಷರ. ವರ್ಡ್ 71. ಪವರ್‌ಪಾಯಿಂಟ್ 73. ನಾನು ಸುಮ್ನೆ ಕೂತು ಎಣಿಸಿದ್ದಲ್ಲ, ಎಣಿಸುವ ಪರಿಸ್ಥಿತಿ ಬಂದಿತ್ತು.

ಇನ್ನೊಂದು ಲ್ಯಾಬ್. ಅಲ್ಲಿ ಪಿಡಿಎಫ್ ಹೋಗುತ್ತದೆ, ಫೋಟೋ ಹೋಗುತ್ತದೆ, ಹೊಸ ಎಕ್ಸೆಲ್ ಮಾತ್ರ ಹೋಗುವುದಿಲ್ಲ. "ಈ ಬಗೆಯ ಫೈಲಿಗೆ ಅನುಮತಿ ಇಲ್ಲ" ಅಂತ ಕೆಂಪು ಅಕ್ಷರ. ಟೇಬಲ್ ತೆರೆದು ನೋಡಿದರೆ ಸಾಲು ಇದೆ, ಟಿಕ್ ಇದೆ. ಎರಡು ದಿನ ತಲೆ ಕೆರೆದುಕೊಂಡೆ. ಮೂರನೇ ದಿನ ಮೈಮ್ ಟೈಪ್ ಕಾಲಂ ಅನ್ನು ಅಗಲ ಮಾಡಿ ಪೂರ್ತಿ ಓದಿದೆ. ಸ್ಪ್ರೆಡ್‌ಶೀಟ್ ಅಂತ ಬರಬೇಕಾದ ಕಡೆ "ಸ್ಪ್ರೆ" ಅಂತ ಅರ್ಧಕ್ಕೆ ನಿಂತಿತ್ತು. ಆ ಕಾಲಂ ಮಾಡಿದವರು ಅದಕ್ಕೆ 50 ಅಕ್ಷರ ಸಾಕು ಅಂದುಕೊಂಡಿದ್ದರು. ಡೇಟಾಬೇಸ್ ಹಳೆಯ ಮೈಎಸ್‌ಕ್ಯುಎಲ್, ತಪ್ಪು ಡೇಟಾ ಬಂದರೆ ತಡೆಯುವ ಸ್ಟ್ರಿಕ್ಟ್ ಮೋಡ್ ಇಲ್ಲ. ಉಳಿದ 15 ಅಕ್ಷರವನ್ನು ಅದು ಮಾತಾಡದೆ ಕತ್ತರಿಸಿ ಎಸೆದಿತ್ತು. ಬ್ರೌಸರ್ 65 ಅಕ್ಷರ ಹೇಳುತ್ತದೆ, ಟೇಬಲ್‌ನಲ್ಲಿ 50 ಇದೆ, ತಾಳೆ ಆಗುವುದು ಹೇಗೆ? ಕಾಲಂ ಅನ್ನು 255ಕ್ಕೆ ಹಿಗ್ಗಿಸಿ, ಸಾಲನ್ನು ಮತ್ತೆ ಬರೆದ ಮೇಲೆ ಸರಿ ಹೋಯಿತು. 2015ರಲ್ಲಿ ಬಂದ 5.7ನೇ ಆವೃತ್ತಿಯಿಂದ ಮೈಎಸ್‌ಕ್ಯುಎಲ್ ಹೀಗೆ ಸದ್ದಿಲ್ಲದೆ ಕತ್ತರಿಸುವುದಿಲ್ಲ, ತಪ್ಪು ಅಂತ ಹೇಳುತ್ತದೆ. ಆದರೆ ಲ್ಯಾಬ್‌ಗಳಲ್ಲಿ ಹಳೆಯ ಸರ್ವರ್‌ಗಳು ಎಷ್ಟು ವರ್ಷ ಬದುಕುತ್ತವೆ ಅಂತ ನಿಮಗೇ ಗೊತ್ತು.

ಸಿಎಸ್‌ವಿಯದು, ಅಂದರೆ ಕಾಲಂಗಳ ನಡುವೆ ಅಲ್ಪವಿರಾಮ ಹಾಕಿದ ಸಾದಾ ಪಠ್ಯದ ಫೈಲಿನದು, ಇನ್ನೊಂದು ಚೇಷ್ಟೆ. ಅದರ ಮೈಮ್ ಟೈಪ್ ಬೇರೆಯೇ ಇದೆ. ಆದರೆ ಎಕ್ಸೆಲ್ ಇರುವ ವಿಂಡೋಸ್ ಕಂಪ್ಯೂಟರ್‌ನಿಂದ ಕಳಿಸಿದರೆ ಬ್ರೌಸರ್ ಎಷ್ಟೋ ಸಲ ಇದು ಎಕ್ಸೆಲ್ ಫೈಲ್ ಅಂತ ಹೇಳಿಬಿಡುತ್ತದೆ. ಪಕ್ಕದ ಟೇಬಲ್‌ನವರ ಕಂಪ್ಯೂಟರ್‌ನಿಂದ ಹೋಗುತ್ತದೆ, ನನ್ನದರಿಂದ ಹೋಗಲ್ಲ ಅಂತ ಯಾರಾದರೂ ಹೇಳಿದರೆ ಮೊದಲು ಇದನ್ನು ನೋಡಿ. ಒಂದು ಬಾಲಕ್ಕೆ ಒಂದೇ ಮೈಮ್ ಟೈಪ್ ಅಂತ ಟೇಬಲ್ ಕಟ್ಟಿದ್ದರೆ ಇಲ್ಲಿ ಸಿಕ್ಕಿಬೀಳುತ್ತೀರಿ. ಸಿಎಸ್‌ವಿಯನ್ನು "ಯಾವ ಪ್ರೋಗ್ರಾಂನಲ್ಲಿ ತೆರೆಯಬೇಕು" ಅನ್ನುವ ಕಾಲಂನಲ್ಲಿ ಎಕ್ಸೆಲ್ ಅಂತ ಬರೆಯುವ ಮೊದಲೂ ಯೋಚಿಸಿ. ಸೆಪ್ಟ್2 ಅನ್ನುವ ಜೀನ್ ಹೆಸರನ್ನು ಎಕ್ಸೆಲ್ ಸೆಪ್ಟೆಂಬರ್ 2 ಮಾಡುತ್ತಿತ್ತು. ಆ ಕಾಟ ತಾಳಲಾರದೆ, ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಸಮಿತಿಯವರು ಇಂಥ ಜೀನ್‌ಗಳ ಹೆಸರನ್ನೇ ಬದಲಿಸಿದರು, 2020ರ ಹೊತ್ತಿಗೆ. ಆಗ ಸಾಫ್ಟ್‌ವೇರ್ ಬಗ್ಗಲಿಲ್ಲ, ವಿಜ್ಞಾನವೇ ಬಗ್ಗಿತು.

ಇನ್ನು ಫೋಟೋ. ಅಗರ್ ಪ್ಲೇಟ್ ಮೇಲೆ ಬೆಳೆದ ಬ್ಯಾಕ್ಟೀರಿಯಾ ಕಾಲೊನಿಗಳ ಫೋಟೋವನ್ನು ಈಗ ಎಲ್ಲರೂ ಮೊಬೈಲ್‌ನಲ್ಲೇ ತೆಗೆಯುತ್ತಾರೆ. 2017ರಲ್ಲಿ ಬಂದ ಐಒಎಸ್ 11ರಿಂದ ಐಫೋನ್‌ಗಳು ಫೋಟೋವನ್ನು ಹೈಕ್ ರೂಪದಲ್ಲಿ ಇಡುತ್ತವೆ. ನಿಮ್ಮ ಟೇಬಲ್ 2012ರಲ್ಲಿ ತುಂಬಿದ್ದಾದರೆ ಅದರಲ್ಲಿ ಹೈಕ್ ಎಲ್ಲಿಂದ ಬರಬೇಕು? ಆಗ ಟೆಕ್ನಿಷಿಯನ್ ಆ ಫೋಟೋವನ್ನು ವಾಟ್ಸಾಪ್‌ನಲ್ಲಿ ತನಗೇ ಕಳಿಸಿಕೊಂಡು, ಜೆಪಿಜಿ ಆದ ಮೇಲೆ ಇಳಿಸಿ ಹಾಕುತ್ತಾರೆ. ಫೋಟೋ ಕುಗ್ಗಿರುತ್ತದೆ, ತೆಗೆದ ದಿನ, ಗಂಟೆಯ ಮಾಹಿತಿ ಕಳಚಿರುತ್ತದೆ, ಮೇಲಾಗಿ ಗ್ರಾಹಕರ ಸ್ಯಾಂಪಲ್ ಚಿತ್ರ ಯಾರದ್ದೋ ಸ್ವಂತ ಫೋನಿನಲ್ಲಿ ಉಳಿದಿರುತ್ತದೆ. ಇದಕ್ಕೆಲ್ಲ ಕಾರಣ ಟೇಬಲ್‌ನಲ್ಲಿ ಒಂದು ಸಾಲು ಇಲ್ಲದ್ದು. ಬೈಯುವ ಮೊದಲು ಇದು ನೆನಪಿರಲಿ. ಜನ ಅಡ್ಡದಾರಿ ಹಿಡಿಯುವುದು ನೇರ ದಾರಿಯನ್ನು ನಾವು ಮುಚ್ಚಿಟ್ಟಾಗಲೇ.

ಇಲ್ಲಿಗೆ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಈ ಟೇಬಲ್ ಐಟಿಯವರದ್ದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಲ್ಲ, ಅದು ಲ್ಯಾಬಿನದ್ದು. ಒಂದು ಸಾಲು ಸೇರಿಸುವುದು ಅಂದರೆ, ಈ ಬಗೆಯ ಫೈಲನ್ನು ನಾವು ದಾಖಲೆಯಾಗಿ ಒಪ್ಪುತ್ತೇವೆ, ಹತ್ತು ವರ್ಷ ಆದ ಮೇಲೆ ಕೇಳಿದರೂ ತೆರೆದು ತೋರಿಸುತ್ತೇವೆ ಅಂತ ಮಾತು ಕೊಟ್ಟ ಹಾಗೆ. ಆ ಮಾತನ್ನು ಐಟಿ ಹುಡುಗ ಕೊಡಲು ಆಗುತ್ತದಾ? ಪರೀಕ್ಷಾ ಲ್ಯಾಬ್‌ಗಳಿಗಿರುವ ಮಾನಕ ಐಎಸ್‌ಒ 17025ರ 2017ರ ಆವೃತ್ತಿಯಲ್ಲಿ 7.11 ಅನ್ನುವ ಭಾಗ ಇದೆಯಲ್ಲ, ಎನ್‌ಎಬಿಎಲ್ ಮಾನ್ಯತೆ ಇರುವ ನಿಮಗೆಲ್ಲ ಅದು ಗೊತ್ತು. ಸಾಫ್ಟ್‌ವೇರ್‌ನ ಕಾನ್ಫಿಗರೇಶನ್ ಬದಲಿಸಿದರೂ ಮೊದಲು ಅನುಮತಿ ಬೇಕು, ಬರೆದಿಡಬೇಕು, ಪರೀಕ್ಷಿಸಿ ನೋಡಬೇಕು ಅನ್ನುತ್ತದೆ ಅದು. ಟೇಬಲ್‌ಗೆ ಒಂದು ಸಾಲು ಸೇರಿಸುವುದೂ ಕಾನ್ಫಿಗರೇಶನ್ ಬದಲಾವಣೆಯೇ. ಹಾಗಂತ ಅದಕ್ಕೆ ಹತ್ತು ಪುಟದ ಫಾರ್ಮ್ ಮಾಡಬೇಡಿ, ಮಾಡಿದರೆ ಮತ್ತೆ ವಾಟ್ಸಾಪ್ ದಾರಿಯೇ. ಟೇಬಲ್‌ಗೆ ಒಂದು "ಟಿಪ್ಪಣಿ" ಕಾಲಂ ಹಾಕಿಸಿ. ಯಾರು ಕೇಳಿದರು, ಯಾವ ಯಂತ್ರಕ್ಕಾಗಿ, ಯಾರು ಒಪ್ಪಿದರು, ಯಾವ ದಿನ. ಒಂದು ಮಾದರಿ ಫೈಲ್ ಹಾಕಿ, ಇಳಿಸಿ, ತೆರೆದು ನೋಡಿದೆವು ಅನ್ನುವ ಒಂದು ಸಾಲು. ಸಾಕು.

ಜೊತೆಗೆ, ದಯವಿಟ್ಟು ಎರಡು ಪ್ರಶ್ನೆಗಳನ್ನು ಒಂದೇ ಟೇಬಲ್‌ನಲ್ಲಿ ಕಲಸಬೇಡಿ. ಪಿಡಿಎಫ್ ಅನ್ನುವುದು ಫೈಲಿನ ರೂಪ. ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಅನ್ನುವುದು ಆ ಫೈಲ್ ನಮಗೆ ಏನು ಅನ್ನುವುದು. ಕ್ರೊಮ್ಯಾಟೊಗ್ರಾಂ ಪಿಡಿಎಫ್ ಆಗಿರಬಹುದು, ಚಿತ್ರ ಆಗಿರಬಹುದು, ಯಂತ್ರದ ಸ್ವಂತ ಫೈಲ್ ಆಗಿರಬಹುದು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಬಿಕಾ ಅನ್ನುವ ಓಪನ್ ಸೋರ್ಸ್ ಲ್ಯಾಬ್ ಸಾಫ್ಟ್‌ವೇರ್‌ನಲ್ಲಿ, ಅದರಿಂದ ಕವಲೊಡೆದ ಸೆನೈಟ್‌ನಲ್ಲಿ, ಅಟ್ಯಾಚ್‌ಮೆಂಟ್ ಟೈಪ್ ಅಂದರೆ ಈ ಎರಡನೇ ಅರ್ಥ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಅದೇ ಹೆಸರಿಗೆ ಮೊದಲನೇ ಅರ್ಥ. ಎರಡನ್ನೂ ಒಂದೇ ಪಟ್ಟಿಯಲ್ಲಿ ತುಂಬಿದ್ದನ್ನು ನಾನು ನೋಡಿದ್ದೇನೆ: ಪಿಡಿಎಫ್, ಜೆಪಿಜಿ, ಕ್ಯಾಲಿಬ್ರೇಶನ್, ಇತರೆ, ಇತರೆ-2. ಆ "ಇತರೆ-2" ಒಳಗೆ ಏನಿತ್ತು ಅಂತ ಅದನ್ನು ಮಾಡಿದವರಿಗೂ ನೆನಪಿರಲಿಲ್ಲ.

ಹತ್ತು ವರ್ಷದ ಮಾತು ಬಂತಲ್ಲ. ಯಂತ್ರದ ಫೈಲ್ ತೆರೆಯಲು ಯಂತ್ರದವರ ಸಾಫ್ಟ್‌ವೇರ್ ಬೇಕು, ಅದಕ್ಕೆ ಲೈಸೆನ್ಸ್ ಬೇಕು, ಅದು ಓಡಲು ಹಳೆಯ ವಿಂಡೋಸ್ ಬೇಕು. ಹಾಗಾಗಿ ಮೂಲ ಫೈಲನ್ನು ಇಟ್ಟುಕೊಳ್ಳಿ, ಅದರ ಪಕ್ಕದಲ್ಲೇ ಎಲ್ಲರೂ ಓದಬಲ್ಲ ಒಂದು ಪ್ರತಿ ಇಡಿ. ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಎಂಜೆಡ್‌ಎಂಎಲ್ ಇದೆ. ಐಆರ್ (ಇನ್‌ಫ್ರಾರೆಡ್) ಸ್ಪೆಕ್ಟ್ರಂಗೆ 1988ರಿಂದ ಜೆಕ್ಯಾಂಪ್ ಇದೆ, ಅದನ್ನು ನೋಟ್‌ಪ್ಯಾಡ್‌ನಲ್ಲೂ ತೆರೆಯಬಹುದು. ಸಹಿಯಾದ ರಿಪೋರ್ಟ್‌ಗೆ ಪಿಡಿಎಫ್/ಎ, ಅದು 2005ರಿಂದ ಐಎಸ್‌ಒ ಮಾನಕ, ಅದರಲ್ಲಿ ಫಾಂಟ್ ಕೂಡ ಫೈಲಿನೊಳಗೇ ಕೂತಿರುತ್ತದೆ.

ಫಾಂಟ್ ಅಂದ ಕೂಡಲೇ ಕನ್ನಡದವರಿಗೆ ನೆನಪಾಗುವುದು ನುಡಿ, ಬರಹಗಳ ಹಳೆಯ ಕಾಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ಟೈಪ್ ಮಾಡಿದ ಪತ್ರಗಳನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳೂ ಅವುಗಳ ತಲೆ ಮೇಲೆ ಚುಕ್ಕಿ, ಗೀಟುಗಳೂ ಕಾಣುತ್ತವೆ. ಬಾಲ ಡಾಟ್ ಡಾಕ್, ಮುಖ ಸರಿ, ಮೈಮ್ ಟೈಪ್ ಸರಿ, ಟೇಬಲ್ ಪ್ರಕಾರ ಎಲ್ಲವೂ ಸರಿ. ಓದಲು ಮಾತ್ರ ಆಗುವುದಿಲ್ಲ. ಸ್ಯಾಂಪಲ್ ಜೊತೆಗೆ ಬಂದ ಇಂಥ ಹಳೆಯ ಪತ್ರಗಳು ನಿಮ್ಮ ಸರ್ವರ್‌ನಲ್ಲಿ ಇದ್ದರೆ, ಓದಲು ಬರುವ ಒಂದು ಕಂಪ್ಯೂಟರ್ ಇನ್ನೂ ಉಳಿದಿರುವಾಗಲೇ ಪಿಡಿಎಫ್/ಎ ಮಾಡಿ ಪಕ್ಕದಲ್ಲಿ ಇಟ್ಟುಬಿಡಿ.

ಕನ್ನಡದಲ್ಲಿ ಫೈಲ್ ಹೆಸರು ಇಡಬಹುದಾ ಅಂತ ಚೀಟಿಯಲ್ಲಿ ಒಬ್ಬರು ಕೇಳಿದ್ದಾರೆ. ಇಡಿ, ಧಾರಾಳವಾಗಿ. ಆದರೆ ಒಂದು ಲೆಕ್ಕ ಇದೆ. ಲಿನಕ್ಸ್ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಫೈಲ್ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ್ದಕ್ಕೆ ಮೂರು. ಅದೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. "ಪರೀಕ್ಷಾ" ಕಣ್ಣಿಗೆ ಮೂರೇ ಅಕ್ಷರ, ಕಂಪ್ಯೂಟರ್‌ಗೆ ಏಳು, ಬೈಟ್ ಲೆಕ್ಕದಲ್ಲಿ 21. ಊರು, ಹೋಬಳಿ, ತಾಲ್ಲೂಕು, ಬೋರ್‌ವೆಲ್ ಮಾಲೀಕರ ಹೆಸರು ಎಲ್ಲ ಸೇರಿಸಿ ಹೆಸರಿಟ್ಟರೆ ಮಿತಿ ಮುಟ್ಟುವುದು ಕಷ್ಟವೇನಲ್ಲ. ಹೆಸರನ್ನು ಕುರುಡಾಗಿ ಕತ್ತರಿಸುವ ಸಾಫ್ಟ್‌ವೇರ್ ಆದರೆ ಮೊದಲು ಹೋಗುವುದು ಕೊನೆಯಲ್ಲಿರುವ ಬಾಲ. ಆಮೇಲೆ ಈ ಬಗೆಯ ಫೈಲಿಗೆ ಅನುಮತಿ ಇಲ್ಲ ಅನ್ನುತ್ತದೆ.

ಇನ್ನೊಂದು ಚೀಟಿ: ಡಾಟ್ ಡಿ ಥರದ ಫೋಲ್ಡರ್‌ಗಳನ್ನು ಜಿಪ್ ಮಾಡಿ ಹಾಕಬಹುದಾ? ಬೇರೆ ದಾರಿಯೂ ಇಲ್ಲ, ಹಾಕಿ. ಆದರೆ ಟೇಬಲ್‌ನಲ್ಲಿ ಜಿಪ್‌ಗೆ ಬಾಗಿಲು ತೆರೆದರೆ ಅದರ ಹೊಟ್ಟೆಯಲ್ಲಿ ಯಾವುದು ಬೇಕಾದರೂ ಬರಬಹುದು. 42 ಡಾಟ್ ಜಿಪ್ ಅಂತ ಒಂದು ಕುಖ್ಯಾತ ಫೈಲ್ ಇದೆ. ನೋಡಲು ಬರೀ 42 ಕಿಲೋಬೈಟ್. ಒಳಗಿನ ಪದರಗಳನ್ನೆಲ್ಲ ಬಿಚ್ಚುತ್ತಾ ಹೋದರೆ 4.5 ಪೆಟಾಬೈಟ್ ಆಗುತ್ತದೆ. ಹಾಗಾಗಿ ಎಲ್ಲರಿಗೂ ಜಿಪ್ ಬಿಡಬೇಡಿ, ಆ ಯಂತ್ರ ನಡೆಸುವವರಿಗೆ ಮಾತ್ರ ಕೊಡಿ. ಬಿಚ್ಚಿದ ಮೇಲೆ ಇಷ್ಟಕ್ಕಿಂತ ಜಾಸ್ತಿ ಆಗಬಾರದು ಅಂತ ಒಂದು ಮಿತಿಯನ್ನೂ ಹಾಕಿಸಿ.

ಕೊನೆಯ ಚೀಟಿ. "ನಮ್ಮ ಲ್ಯಾಬಿನಲ್ಲಿ ನಾವಿರುವುದೇ ನಾಲ್ಕು ಜನ. ಇದನ್ನೆಲ್ಲ ಯಾರು ನೋಡಿಕೊಳ್ಳಬೇಕು?" ಸ್ಯಾಂಪಲ್ ರಿಜಿಸ್ಟರ್ ಬರೆಯುವವರು ಯಾರೋ ಅವರೇ. ಯಾವ ಬಗೆಯ ಫೈಲ್ ಬರುತ್ತಿದೆ, ಯಾವುದು ಹೋಗದೆ ಒದ್ದಾಡುತ್ತಿದೆ ಅಂತ ಅವರಿಗೇ ಮೊದಲು ಗೊತ್ತಾಗುವುದು. ನಾಳೆ ಬೆಳಿಗ್ಗೆ ಹೋಗಿ ಟೇಬಲ್ ತೆರೆಯಲಿ, ಪ್ರಿಂಟ್ ತೆಗೆಯಲಿ, ಒಂದೊಂದು ಸಾಲಿನ ಮುಂದೆಯೂ ಇದು ಯಾವ ಯಂತ್ರದ್ದು ಅಂತ ಪೆನ್ಸಿಲ್‌ನಲ್ಲಿ ಬರೆಯಲಿ. ಬರೆಯಲಾಗದ ಸಾಲುಗಳ ಬಗ್ಗೆ ಉಳಿದ ಮೂವರನ್ನು ಕೇಳಲಿ. ಅಳಿಸುವ ಬಟನ್ ಹತ್ತಿರ ಮಾತ್ರ ಯಾರೂ ಹೋಗಬೇಡಿ.